ಬಿಡಿಸಿದ ರಕ್ತನಾಳ ಮತ್ತೆ ಯಾಕೆ ಕಿರಿದಾಗುತ್ತದೆ? ಗಿಡಗಳ ಔಷಧಿ ಅಲ್ಲಿ ಏನು ಮಾಡಬಲ್ಲದು?

ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ಹೃದಯದ ರಕ್ತನಾಳವನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆ, ಮಾಡಿಸಿಕೊಂಡವರು ಡಾಕ್ಟರ ಹತ್ತಿರ ಕೇಳುವ ಮೊದಲ ಪ್ರಶ್ನೆ, "ಮತ್ತೆ ಬ್ಲಾಕ್ ಆಗುತ್ತಾ?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಆಗದ ಹಾಗೆ ಏನಾದರೂ ಗಿಡಮೂಲಿಕೆ ತಗೋಬಹುದಾ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದನ್ನು ಕೆಲವರು ತಳ್ಳಿಹಾಕುತ್ತಾರೆ, ಕೆಲವರು ಕಣ್ಣುಮುಚ್ಚಿ ಹೂಂ ಅನ್ನುತ್ತಾರೆ. ನಿಜ ಸಂಗತಿ ಇವೆರಡಕ್ಕಿಂತ ಸ್ವಾರಸ್ಯವಾಗಿದೆ. ಗಿಡಗಳಿಂದ ಬಂದ ಒಂದು ರಾಸಾಯನಿಕ ಈಗಾಗಲೇ ಲಕ್ಷಾಂತರ ಜನರ ರಕ್ತನಾಳದೊಳಗೆ ಕೆಲಸ ಮಾಡಿದೆ. ಅದನ್ನು ಯಾರೂ ಕುಡಿದದ್ದಲ್ಲ. ಸ್ಟೆಂಟ್ ಅನ್ನುವ ಲೋಹದ ಜಾಲರಿಗೂ ಬಲೂನಿಗೂ ಲೇಪಿಸಿ, ಗಾಯವಾದ ಜಾಗಕ್ಕೇ ತಲುಪಿಸಿದ್ದು.

ಇದು ಅರ್ಥವಾಗಬೇಕಾದರೆ ಮೊದಲು ರಕ್ತನಾಳದ ಗೋಡೆಯೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಗೋಡೆಗೆ ಆಗುವ ಗಾಯ

ಹೃದಯದ ರಕ್ತನಾಳವನ್ನು ಬಲೂನಿನಿಂದ ಬಿಡಿಸುವ ಕೆಲಸವನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಅನ್ನುವ ವೈದ್ಯರು 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲ ಬಾರಿ ಮಾಡಿದರು. ಎದೆ ಸೀಳದೆ, ತೆಳ್ಳಗಿನ ಕೊಳವೆಯ ತುದಿಯಲ್ಲಿ ಬಲೂನ್ ಕಳಿಸಿ, ಕಿರಿದಾದ ಜಾಗದಲ್ಲಿ ಉಬ್ಬಿಸುವುದು. ಅದ್ಭುತವಾದ ವಿಚಾರ. ಆದರೆ ಬೇಗನೇ ಒಂದು ತೊಂದರೆ ಕಾಣಿಸಿಕೊಂಡಿತು. ಬಿಡಿಸಿದ ರಕ್ತನಾಳಗಳಲ್ಲಿ ಸುಮಾರು ಮೂರರಲ್ಲಿ ಒಂದು, ಆರು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿತ್ತು. ಇದಕ್ಕೆ ರೀಸ್ಟೆನೋಸಿಸ್ ಅನ್ನುತ್ತಾರೆ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ನಲ್ಲಿ ಪೈಪಿನಲ್ಲಿ ಕೊಳೆ ಕಟ್ಟಿದ ಹಾಗೆ ಕೊಬ್ಬು ಮತ್ತೆ ಬಂದು ಕೂತಿತು ಅಂದುಕೊಳ್ಳುತ್ತಾರೆ. ಕೊಬ್ಬು ಕೂರುವುದಕ್ಕೆ ಹತ್ತಾರು ವರ್ಷ ಬೇಕು. ಇದು ನಡೆಯುವುದು ತಿಂಗಳುಗಳಲ್ಲಿ. ಪೈಪ್ ತಾನಾಗಿ ಗಾಯ ಮಾಯಿಸಿಕೊಳ್ಳುವುದಿಲ್ಲ, ರಕ್ತನಾಳ ಮಾಯಿಸಿಕೊಳ್ಳುತ್ತದೆ. ಮತ್ತೆ ಕಿರಿದಾಗುವುದು ಆ ಮಾಯುವಿಕೆ ಅತಿಯಾದಾಗ.

ರಕ್ತನಾಳದ ಗೋಡೆಯ ಒಳಮೈಗೆ ಎಂಡೋಥೀಲಿಯಂ ಅನ್ನುವ ಪದರ ಇದೆ. ದಪ್ಪ ಬರೀ ಒಂದು ಜೀವಕೋಶದಷ್ಟು. ಇಷ್ಟು ತೆಳ್ಳಗಿದ್ದರೂ ಅದರ ಕೆಲಸ ಜಾಸ್ತಿ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಕೆಳಗಿನ ಪದರದ ಸ್ನಾಯು ಕೋಶಗಳನ್ನು ಶಾಂತವಾಗಿ ಇಟ್ಟಿರುತ್ತದೆ. ಬಲೂನ್ ಉಬ್ಬಿದಾಗ ಈ ಪದರ ಕಿತ್ತುಹೋಗುತ್ತದೆ, ಗೋಡೆ ಅಲ್ಲಲ್ಲಿ ಬಿರುಕು ಬಿಡುತ್ತದೆ.

ಕೂಡಲೇ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಪ್ರೋಟೀನುಗಳನ್ನು ಸುರಿಸುತ್ತವೆ. ಅದರಲ್ಲಿ ಮುಖ್ಯವಾದದ್ದು ಪಿಡಿಜಿಎಫ್. ಬಿಳಿ ರಕ್ತಕಣಗಳು ಒಳನುಗ್ಗಿ ಉರಿಯೂತ ಶುರುವಾಗುತ್ತದೆ. ಈ ಗದ್ದಲಕ್ಕೆ ಮಧ್ಯದ ಪದರದಲ್ಲಿರುವ ನಯಸ್ನಾಯು ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಅವುಗಳ ನಿತ್ಯದ ಕೆಲಸ ಬಿಗಿಯಾಗುವುದು, ಸಡಿಲಾಗುವುದು, ಅಷ್ಟೇ. ಗಾಯವಾದಾಗ ಮಾತ್ರ ಅವು ಸ್ವಭಾವ ಬದಲಿಸುತ್ತವೆ. ಬಿಗಿಯಾಗುವುದನ್ನು ಬಿಟ್ಟು ಒಳಮೈ ಕಡೆ ಸರಿಯುತ್ತವೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ, ಸುತ್ತ ನಾರಿನಂಥ ವಸ್ತುವನ್ನು ಕಟ್ಟಿಕೊಳ್ಳುತ್ತವೆ. ಒಳಮೈಯಲ್ಲಿ ಹೀಗೆ ಎದ್ದು ನಿಲ್ಲುವ ಹೊಸ ಪದರಕ್ಕೆ ನಿಯೋಇಂಟಿಮಾ ಅಂತ ಹೆಸರು. ರಕ್ತ ಹರಿಯುವ ದಾರಿಯನ್ನು ಕಿರಿದು ಮಾಡುವುದು ಇದೇ. ಇದರ ಜೊತೆಗೆ ಹಿಗ್ಗಿಸಿದ ಗೋಡೆ ತಾನೇ ಕುಗ್ಗುವುದೂ ಇದೆ.

ಕುಗ್ಗುವುದನ್ನು ತಡೆಯೋಕೆ ಸ್ಟೆಂಟ್ ಬಂತು. 1986ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಮನುಷ್ಯರ ಹೃದಯದ ರಕ್ತನಾಳಕ್ಕೆ ಲೋಹದ ಜಾಲರಿ ಹಾಕಿದರು. ಗೋಡೆ ಕುಗ್ಗುವುದು ನಿಂತಿತು. ಆದರೆ ಲೋಹ ಸದಾ ಒತ್ತುತ್ತಲೇ ಇರುವುದರಿಂದ ಸ್ನಾಯು ಕೋಶಗಳ ಬೆಳವಣಿಗೆ ಇನ್ನೂ ಜೋರಾಯಿತು. ಜಾಲರಿಯ ಕಣ್ಣುಗಳ ನಡುವಿಂದ ಹೊಸ ಪದರ ಬೆಳೆದು ಒಳಕ್ಕೆ ಬಂತು. ಬರೀ ಲೋಹದ ಸ್ಟೆಂಟ್ ಹಾಕಿದವರಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮತ್ತೆ ಕಿರಿದಾಗುತ್ತಿತ್ತು.

ತೊಗಟೆಯಿಂದ ಸ್ಟೆಂಟಿಗೆ

ಈ ಬೆಳವಣಿಗೆಯನ್ನು ನಿಲ್ಲಿಸುವ ಔಷಧಿ ಬೇಕಾಗಿತ್ತು. ಕೆಲಸ ಮಾಡಿದ ಮೊದಲ ಎರಡೂ ಪ್ರಕೃತಿಯಿಂದಲೇ ಬಂದವು. ಸಿರೋಲಿಮಸ್ ಬಂದದ್ದು ಈಸ್ಟರ್ ದ್ವೀಪದ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ, ಹಾಗಾಗಿ ಅದನ್ನು ಇಲ್ಲಿ ಪಕ್ಕಕ್ಕಿಡೋಣ. ಇನ್ನೊಂದು ಪಾಕ್ಲಿಟಾಕ್ಸೆಲ್. ಅದು ಪಕ್ಕಾ ಗಿಡದ ವಸ್ತು.

1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಆರ್ಥರ್ ಬಾರ್ಕ್ಲೇ ಅನ್ನುವ ಸಸ್ಯಶಾಸ್ತ್ರಜ್ಞ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆ ಸಂಗ್ರಹಿಸಿದರು. ಕ್ಯಾನ್ಸರಿಗೆ ಮದ್ದು ಹುಡುಕಲು ಸಾವಿರಾರು ಗಿಡಗಳನ್ನು ಪರೀಕ್ಷೆ ಮಾಡುತ್ತಿದ್ದ ಕಾಲ ಅದು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ತೊಗಟೆಯ ಸಾರದಿಂದ ಕೆಲಸ ಮಾಡುವ ವಸ್ತುವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಕೋಶವನ್ನು ಹೇಗೆ ಕೊಲ್ಲುತ್ತದೆ ಅಂತ 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್.

ಅವರು ಕಂಡದ್ದು ಹೊಸ ವಿಷಯ. ಕೋಶ ಎರಡಾಗಬೇಕಾದರೆ ಒಳಗೆ ಮೈಕ್ರೋಟ್ಯೂಬ್ಯೂಲ್ ಅನ್ನುವ ಸಣ್ಣ ಎಳೆಗಳು ಕಟ್ಟಿಕೊಳ್ಳಬೇಕು, ಕೆಲಸ ಆದ ಮೇಲೆ ಬಿಚ್ಚಿಕೊಳ್ಳಬೇಕು. ಅದುವರೆಗೆ ಗೊತ್ತಿದ್ದ ವಿಷಗಳು ಎಳೆ ಕಟ್ಟುವುದನ್ನೇ ತಡೆಯುತ್ತಿದ್ದವು. ಪಾಕ್ಲಿಟಾಕ್ಸೆಲ್ ಅದಕ್ಕೆ ತದ್ವಿರುದ್ಧ. ಕಟ್ಟಿದ ಎಳೆ ಬಿಚ್ಚದ ಹಾಗೆ ಅದು ಗಟ್ಟಿ ಹಿಡಿಯುತ್ತದೆ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎರಡಾಗುವುದಕ್ಕೂ ಆಗುವುದಿಲ್ಲ, ಸರಿದಾಡುವುದಕ್ಕೂ ಆಗುವುದಿಲ್ಲ.

ಸರಿದಾಡುವುದು ಮತ್ತು ಎರಡಾಗುವುದು. ಗಾಯವಾದ ರಕ್ತನಾಳದ ಸ್ನಾಯು ಕೋಶಗಳು ಮಾಡುವುದೂ ಇದನ್ನೇ ಅಲ್ವಾ? 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕತ್ತಿನ ರಕ್ತನಾಳಕ್ಕೆ ಬಲೂನಿನಿಂದ ಗಾಯ ಮಾಡಿದ ಇಲಿಗಳಿಗೆ ಪಾಕ್ಲಿಟಾಕ್ಸೆಲ್ ಕೊಟ್ಟರು. ರಕ್ತದಲ್ಲಿ ಇದ್ದ ಮಟ್ಟ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಹೊಸ ಪದರದ ಬೆಳವಣಿಗೆ ಅಷ್ಟಕ್ಕೇ ಗಣನೀಯವಾಗಿ ತಗ್ಗಿತು. ಮುಂದೆ ಇದನ್ನು ಸ್ಟೆಂಟಿಗೆ ಲೇಪಿಸಿದರು. ಪ್ರಮಾಣ ಒಂದು ಚದರ ಮಿಲಿಮೀಟರಿಗೆ ಒಂದು ಮೈಕ್ರೋಗ್ರಾಂ. ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. 1,314 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಟ್ಯಾಕ್ಸಸ್-4 ಪ್ರಯೋಗದಲ್ಲಿ, ಲೇಪವಿಲ್ಲದ ಸ್ಟೆಂಟ್‌ಗಳಲ್ಲಿ ಮತ್ತೆ ಕಿರಿದಾಗುವ ಪ್ರಮಾಣ ಶೇಕಡ 26.6 ಇದ್ದರೆ, ಲೇಪವಿದ್ದದ್ದರಲ್ಲಿ ಶೇಕಡ 7.9 ಇತ್ತು.

ಮರದ ವಿಷಯಕ್ಕೂ ಒಂದು ಮಾತು ಹೇಳಲೇಬೇಕು. ತೊಗಟೆ ಸುಲಿದರೆ ಯೂ ಮರ ಸಾಯುತ್ತದೆ. ನಿಧಾನವಾಗಿ ಬೆಳೆಯುವ ಮರ ಅದು. ಒಬ್ಬ ಕ್ಯಾನ್ಸರ್ ರೋಗಿಗೆ ಬೇಕಾದಷ್ಟು ಔಷಧಿಗೆ ಹಲವು ಮರಗಳೇ ಬೇಕಾಗುತ್ತಿದ್ದವು. ಕಾಡು ಖಾಲಿಯಾಗುವ ಭಯ ನಿಜವಾಗಿತ್ತು. ಅದರ ಸಂಬಂಧಿಯಾದ ಯುರೋಪಿನ ಯೂ ಮರದ ಎಲೆಗಳಲ್ಲಿ ಇದಕ್ಕೆ ಹತ್ತಿರದ ಒಂದು ವಸ್ತು ಸಿಕ್ಕಿತು. ಅದನ್ನು ಪ್ರಯೋಗಾಲಯದಲ್ಲಿ ಪಾಕ್ಲಿಟಾಕ್ಸೆಲ್ ಆಗಿ ಬದಲಿಸುವ ದಾರಿ ಗೊತ್ತಾದ ಮೇಲೆ ಮರ ಕಡಿಯುವ ಅಗತ್ಯ ತಪ್ಪಿತು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಗೆದ್ದ ಮೇಲೆ ಕಂಡ ತೊಂದರೆ

ಕೋಶ ಬೆಳೆಯದ ಹಾಗೆ ತಡೆಯುವ ಔಷಧಿಗೆ ಯಾವ ಕೋಶ ಬೇಕು, ಯಾವುದು ಬೇಡ ಅಂತ ಗೊತ್ತಾಗುವುದಿಲ್ಲ. ಸ್ನಾಯು ಕೋಶ ನಿಂತದ್ದು ಸರಿ. ಅದರ ಜೊತೆಗೆ ಕಿತ್ತುಹೋದ ಎಂಡೋಥೀಲಿಯಂ ಮತ್ತೆ ಬೆಳೆಯುವುದೂ ನಿಧಾನವಾಯಿತು. ಒಳಪದರ ಮುಚ್ಚದೆ ಲೋಹ ರಕ್ತಕ್ಕೆ ತೆರೆದೇ ಇದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. 2006ರ ಸುಮಾರಿಗೆ ಇದು ದೊಡ್ಡ ಆತಂಕವಾಯಿತು. ಸ್ಟೆಂಟ್ ಹಾಕಿ ಒಂದು ವರ್ಷವೇ ಕಳೆದಿದ್ದರೂ ಕೆಲವರಲ್ಲಿ ಹಠಾತ್ತಾಗಿ ಹೆಪ್ಪು ಕಟ್ಟುವುದು ಕಂಡುಬಂತು. ಮತ್ತೆ ಕಿರಿದಾಗುವುದು ನಿಧಾನವಾಗಿ ನಡೆಯುತ್ತದೆ, ಎದೆನೋವಿನ ಮೂಲಕ ಸೂಚನೆ ಕೊಡುತ್ತದೆ. ಹೆಪ್ಪು ಕಟ್ಟಿದರೆ ನಿಮಿಷಗಳಲ್ಲಿ ಹೃದಯಾಘಾತ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಥರದ ಇನ್ನೊಂದು ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪಿಸಬೇಡಿ ಅಂತ ಒತ್ತಿ ಹೇಳುವುದು ಇದಕ್ಕೇ.

ಆಮೇಲೆ ಎವರೊಲಿಮಸ್‌ನಂಥ ಹೊಸ ಔಷಧಿ ಮತ್ತು ತೆಳ್ಳಗಿನ ಜಾಲರಿಯ ಸ್ಟೆಂಟ್‌ಗಳು ಬಂದವು. ಹೃದಯದ ಸ್ಟೆಂಟ್‌ಗಳಲ್ಲಿ ಪಾಕ್ಲಿಟಾಕ್ಸೆಲ್ ಬಹುತೇಕ ಹಿಂದೆ ಸರಿಯಿತು. ಆದರೆ ಮೂಲ ಪ್ರಶ್ನೆ ಹಾಗೇ ಇದೆ. ಸ್ನಾಯು ಕೋಶವನ್ನು ತಡೆಯಬೇಕು, ಉರಿಯೂತ ಇಳಿಸಬೇಕು, ಎಂಡೋಥೀಲಿಯಂ ಮಾತ್ರ ಬೇಗ ಬೆಳೆಯಬೇಕು. ಇಂಥದ್ದು ಇದೆಯಾ?

ಗಿಡಗಳ ಕಡೆ ಸಂಶೋಧಕರು ಮತ್ತೆ ಮತ್ತೆ ನೋಡುವುದು ಈ ಕಾರಣಕ್ಕೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಪಿಡಿಜಿಎಫ್ ಕೊಡುವ ಕುಮ್ಮಕ್ಕನ್ನು ಸ್ನಾಯು ಕೋಶದಲ್ಲಿ ತಗ್ಗಿಸುತ್ತದೆ, ಎಂಡೋಥೀಲಿಯಂ ಬಿಡುವ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ. ಬೇಕಾದದ್ದೇ ಇದು. ಅರಿಶಿನದ ಕರ್ಕ್ಯುಮಿನ್ ಉರಿಯೂತದ ಮುಖ್ಯ ಸ್ವಿಚ್ ಆದ ಎನ್ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಹಸಿರು ಚಹಾದ ಇಜಿಸಿಜಿ, ಈರುಳ್ಳಿ ಮತ್ತು ಸೇಬಿನ ಕ್ವೆರ್ಸೆಟಿನ್, ಮರದರಿಶಿನದ ಬರ್ಬೆರಿನ್, ಬ್ರಾಕೊಲಿಯ ಸಲ್ಫೊರಾಫೇನ್, ಚೀನಾದ ಡಾನ್‌ಶೆನ್ ಬೇರಿನ ಟ್ಯಾನ್‌ಶಿನೋನ್, ಎಲ್ಲದರ ಮೇಲೂ ಪ್ರಯೋಗಗಳು ನಡೆದಿವೆ. ಆಲ್ಪ್ಸ್ ಪರ್ವತಗಳ ಎಡೆಲ್‌ವೈಸ್ ಗಿಡದ ಬೇರಿನಿಂದ ತೆಗೆದ ಲಿಯೋಲಿಜಿನ್ ಅನ್ನುವ ವಸ್ತು, ಬೈಪಾಸಿಗೆ ಬಳಸುವ ಸಿರೆ ಒಳಗಿನಿಂದ ದಪ್ಪಗಾಗುವುದನ್ನು ಇಲಿಗಳಲ್ಲಿ ತಗ್ಗಿಸಿತು. ಹೆಚ್ಚು ಕಡಿಮೆ ಎಲ್ಲದರ ಫಲಿತಾಂಶವೂ ಒಳ್ಳೆಯದೇ.

ಎಲ್ಲವೂ ಒಳ್ಳೆಯದು ಅಂದಾಗಲೇ ನಾವು ಸ್ವಲ್ಪ ನಿಂತು ನೋಡಬೇಕು ಅಂತ ನನಗನ್ನಿಸುತ್ತದೆ.

ಇಲಿಯ ಕತ್ತಿನಲ್ಲಿ ಗೆದ್ದದ್ದು

ಈ ಪ್ರಯೋಗ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಆರೋಗ್ಯವಾಗಿರುವ ಎಳೆಯ ಇಲಿಗೆ ಅರಿವಳಿಕೆ ಕೊಡುತ್ತಾರೆ. ಕತ್ತಿನ ಒಂದು ರಕ್ತನಾಳದೊಳಕ್ಕೆ ಪುಟ್ಟ ಬಲೂನ್ ತೂರಿಸಿ, ಉಬ್ಬಿಸಿ, ಮೆಲ್ಲಗೆ ತಿರುಗಿಸುತ್ತಾ ಹಿಂದಕ್ಕೆ ಎಳೆಯುತ್ತಾರೆ. ಒಳಪದರ ಪೂರ್ತಿ ಉಜ್ಜಿಹೋಗುತ್ತದೆ. ಸಾಮಾನ್ಯವಾಗಿ ಎರಡು ವಾರ ಬಿಟ್ಟು ರಕ್ತನಾಳವನ್ನು ತೆಗೆದು ತೆಳ್ಳಗೆ ಹೋಳು ಮಾಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಡುತ್ತಾರೆ. ಹೊಸ ಪದರದ ವಿಸ್ತೀರ್ಣವನ್ನು ಮಧ್ಯದ ಪದರದ ವಿಸ್ತೀರ್ಣದಿಂದ ಭಾಗಿಸುತ್ತಾರೆ. ಔಷಧಿ ಕೊಟ್ಟ ಇಲಿಯಲ್ಲಿ ಈ ಸಂಖ್ಯೆ ಕಡಿಮೆ ಬಂದರೆ ಗೆದ್ದ ಹಾಗೆ.

ಪ್ರಯೋಗ ಅಚ್ಚುಕಟ್ಟಾಗಿದೆ. ಆದರೆ ಆ ಇಲಿಗೆ ಮೊದಲು ಬ್ಲಾಕೇಜೇ ಇರಲಿಲ್ಲ. ಕೊಬ್ಬು ಇಲ್ಲ, ಸುಣ್ಣ ಕಟ್ಟಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ವಯಸ್ಸಾಗಿಲ್ಲ. ಸ್ಟೆಂಟ್ ಕೂಡ ಇಲ್ಲ. ಔಷಧಿಯನ್ನು ಎಷ್ಟೋ ಸಲ ಗಾಯ ಮಾಡುವ ಮೊದಲೇ ಶುರು ಮಾಡಿರುತ್ತಾರೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಸಿಲಾಜಾಪ್ರಿಲ್ ಒಳ್ಳೆಯ ಉದಾಹರಣೆ. ಅದು ಗಿಡದ ವಸ್ತು ಅಲ್ಲ, ರಕ್ತದೊತ್ತಡದ ಮಾತ್ರೆ. 1989ರಲ್ಲಿ ಇಲಿಗಳ ಕತ್ತಿನ ರಕ್ತನಾಳದಲ್ಲಿ ಹೊಸ ಪದರವನ್ನು ಅದು ಭಾರಿ ಪ್ರಮಾಣದಲ್ಲಿ ತಗ್ಗಿಸಿತು. ಎಲ್ಲರಿಗೂ ಭರವಸೆ ಬಂತು. 1992ರಲ್ಲಿ ಮರ್ಕೇಟರ್ ಅನ್ನುವ ಪ್ರಯೋಗದಲ್ಲಿ 693 ರೋಗಿಗಳ ಮೇಲೆ ಪರೀಕ್ಷಿಸಿದಾಗ ಏನೂ ಪ್ರಯೋಜನ ಕಾಣಲಿಲ್ಲ. ಟ್ರಾನಿಲಾಸ್ಟ್ ಅನ್ನುವ ಇನ್ನೊಂದು ಔಷಧಿ ಚಿಕ್ಕ ಪ್ರಯೋಗಗಳಲ್ಲಿ ಮನುಷ್ಯರಲ್ಲೂ ಗೆದ್ದಿತ್ತು. 11 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರೆಸ್ಟೊ ಪ್ರಯೋಗದಲ್ಲಿ ಅದೂ ಸೋತಿತು. ಕರ್ಕ್ಯುಮಿನ್, ರೆಸ್ವೆರಾಟ್ರಾಲ್ ಇನ್ನೂ ಈ ಹಂತಕ್ಕೇ ಬಂದಿಲ್ಲ. ಆದ್ದರಿಂದ "ರಕ್ತನಾಳ ಮುಚ್ಚದಂತೆ ತಡೆಯುತ್ತದೆ ಎಂದು ಸಾಬೀತಾಗಿದೆ" ಅಂತ ಬರೆದಿರುವುದನ್ನು ಓದಿದರೆ ಮೊದಲು ಕೇಳಬೇಕಾದ್ದು, ಯಾರ ರಕ್ತನಾಳ?

ಎರಡನೆಯ ತೊಡಕು ಪ್ರಮಾಣದ್ದು. ಪ್ರಯೋಗಾಲಯದ ತಟ್ಟೆಯಲ್ಲಿ ಕರ್ಕ್ಯುಮಿನನ್ನು ನೇರವಾಗಿ ಕೋಶಗಳ ಮೇಲೇ ಹಾಕುತ್ತಾರೆ. ಬಾಯಿಂದ ತಗೊಂಡರೆ ಅದು ನೀರಿನಲ್ಲಿ ಕರಗುವುದಿಲ್ಲ, ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ, ಹೀರಿದ್ದನ್ನು ಯಕೃತ್ತು ಬೇಗನೇ ಬದಲಿಸಿ ಹೊರಗೆ ಹಾಕುತ್ತದೆ. ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಸಿಗುವುದು ಅತ್ಯಲ್ಪ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ 20 ಪಟ್ಟು ಏರಿತು. ಈ ಸಂಖ್ಯೆಯನ್ನು ಜಾಹೀರಾತುಗಳಲ್ಲಿ ತುಂಬಾ ಬಳಸುತ್ತಾರೆ. ಅತ್ಯಲ್ಪದ 20 ಪಟ್ಟು ಕೂಡ ಚಿಕ್ಕದೇ ಅನ್ನುವುದನ್ನು ಹೇಳುವುದಿಲ್ಲ. ಪೈಪರಿನ್ ಹೀರಿಕೆ ಹೆಚ್ಚಿಸುವುದು ಯಕೃತ್ತಿನ ಕೆಲಸವನ್ನು ತಡೆದು. ಇಂಥ ಪೂರಕ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಊಟದಲ್ಲಿ ಬರುವ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರ ಬಗ್ಗೆ ಭಯ ಬೇಡ.

ಹಾಗಾದರೆ ದಾರಿ ಯಾವುದು? ಪಾಕ್ಲಿಟಾಕ್ಸೆಲ್ ತೋರಿಸಿದ್ದೇ ದಾರಿ. ರೆಸ್ವೆರಾಟ್ರಾಲ್ ಮತ್ತು ಕ್ವೆರ್ಸೆಟಿನ್ ಎರಡನ್ನೂ ಸೇರಿಸಿ ಲೇಪಿಸಿದ ಸ್ಟೆಂಟ್‌ಗಳನ್ನು, ಕರ್ಕ್ಯುಮಿನ್ ಲೇಪಿಸಿದ ಸ್ಟೆಂಟ್‌ಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದ್ದಾರೆ. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಹೇಗೂ ಹೊರಗೆ ಕಾಣುತ್ತಿರುತ್ತದೆ, ಅದರ ಸುತ್ತ ಔಷಧಿಯ ಜೆಲ್ ಹಚ್ಚಬಹುದು ಅನ್ನುವ ಯೋಚನೆಯೂ ಇದೆ. ಈ ಕೆಲಸ ನಡೆಯಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಸ್ನಾಯು ಕೋಶವನ್ನು ತಡೆದು ಎಂಡೋಥೀಲಿಯಂಗೆ ನೆರವಾಗುವ ಲೇಪ ಸಿಕ್ಕರೆ ಜನ ನುಂಗುವ ಮಾತ್ರೆಗಳೂ ಕಡಿಮೆಯಾಗಬಹುದು.

ಪಾಕ್ಲಿಟಾಕ್ಸೆಲ್ ಬಲೂನಿನ ರೂಪದಲ್ಲಿ ಹೊಸ ಜೀವ ಪಡೆಯಿತು. ಬಲೂನ್ ಉಬ್ಬಿ ಗೋಡೆಗೆ ತಾಗಿರುವುದು ಅರ್ಧ ಅಥವಾ ಒಂದು ನಿಮಿಷ. ಅಷ್ಟರಲ್ಲೇ ಔಷಧಿ ಗೋಡೆಗೆ ದಾಟಬೇಕು. ಪಾಕ್ಲಿಟಾಕ್ಸೆಲ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಗೋಡೆಯಲ್ಲಿ ಬೇಗ ಇಳಿದು ವಾರಗಟ್ಟಲೆ ಉಳಿಯುತ್ತದೆ. ಲೋಹ ಬಿಟ್ಟುಬರುವ ಗೊಡವೆಯೇ ಇಲ್ಲ. ಬಗ್ಗುತ್ತಾ ತಿರುಚುತ್ತಾ ಇರುವ ತೊಡೆಯ ರಕ್ತನಾಳಗಳಿಗೆ ಇದು ತುಂಬಾ ಉಪಯೋಗ. 2018ರ ಕೊನೆಯಲ್ಲಿ, ಕಾಲಿನ ರಕ್ತನಾಳಕ್ಕೆ ಇದನ್ನು ಬಳಸಿದವರಲ್ಲಿ ಸಾವು ಹೆಚ್ಚು ಅಂತ ಒಂದು ವಿಶ್ಲೇಷಣೆ ಹೇಳಿತು. ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸಂಸ್ಥೆಯಾದ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಮುಂದೆ ಜಾಸ್ತಿ ಜನರ ಮಾಹಿತಿ, ಜಾಸ್ತಿ ವರ್ಷಗಳ ಮಾಹಿತಿ ಸೇರಿದ ಮೇಲೆ, ಸಾವಿನ ಅಪಾಯ ಹೆಚ್ಚು ಅನ್ನುವುದಕ್ಕೆ ಆಧಾರ ಇಲ್ಲ ಅಂತ 2023ರ ಜುಲೈನಲ್ಲಿ ಅದೇ ಸಂಸ್ಥೆ ತಿಳಿಸಿತು. 2024ರಲ್ಲಿ, ಹೃದಯದ ಸ್ಟೆಂಟಿನೊಳಗೇ ಮತ್ತೆ ಕಿರಿದಾದ ಜಾಗಕ್ಕೆ ಬಳಸಲು ಪಾಕ್ಲಿಟಾಕ್ಸೆಲ್ ಲೇಪಿತ ಬಲೂನಿಗೆ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು.

ನುಂಗುವ ಗಿಡದ ಔಷಧಿ ಒಂದಿದೆ

ಬಾಯಿಂದ ತಗೊಂಡು ಮನುಷ್ಯರಲ್ಲಿ ಸ್ವಲ್ಪವಾದರೂ ಪರಿಣಾಮ ತೋರಿಸಿದ ಗಿಡದ ವಸ್ತು ಕೋಲ್ಚಿಸಿನ್. ಕೋಲ್ಚಿಕಂ ಅನ್ನುವ ಗಿಡದ ಗೆಡ್ಡೆಯಲ್ಲೂ ಅಗ್ನಿಶಿಖೆ ಬಳ್ಳಿಯಲ್ಲೂ ಇರುತ್ತದೆ. ಗೌಟ್ ಅನ್ನುವ ಕೀಲುನೋವಿಗೆ ಹಳೆಯ ಮದ್ದು. ಪಾಕ್ಲಿಟಾಕ್ಸೆಲ್ ಕೋಶದ ಎಳೆಗಳನ್ನು ಬಿಗಿದಿಟ್ಟರೆ, ಇದು ಕಟ್ಟದ ಹಾಗೆ ತಡೆಯುತ್ತದೆ. ಉರಿಯೂತವನ್ನೂ ಇಳಿಸುತ್ತದೆ.

ಬರೀ ಬಲೂನ್ ಕಾಲದಲ್ಲಿ, 1992ರಲ್ಲಿ ಪರೀಕ್ಷಿಸಿದಾಗ ಇದರಿಂದ ಉಪಯೋಗ ಆಗಲಿಲ್ಲ. 2013ರಲ್ಲಿ ಸಕ್ಕರೆ ಕಾಯಿಲೆ ಇರುವ, ಲೇಪವಿಲ್ಲದ ಸ್ಟೆಂಟ್ ಹಾಕಿಸಿಕೊಂಡ 196 ಜನರ ಪ್ರಯೋಗ ಪ್ರಕಟವಾಯಿತು. ಆರು ತಿಂಗಳು ದಿನಕ್ಕೆರಡು ಬಾರಿ ಅರ್ಧ ಮಿಲಿಗ್ರಾಂ ತಗೊಂಡವರಲ್ಲಿ ಶೇಕಡ 16, ತಗೊಳ್ಳದವರಲ್ಲಿ ಶೇಕಡ 33 ಮಂದಿಗೆ ಸ್ಟೆಂಟ್ ಒಳಗೆ ಕಿರಿದಾಗಿತ್ತು. ಒಳ್ಳೆಯ ಫಲಿತಾಂಶವೇ. ಆದರೆ ಪ್ರಯೋಗ ಚಿಕ್ಕದು, ಮತ್ತು ಆ ಥರದ ಸ್ಟೆಂಟನ್ನು ಈಗ ಹಾಕುವುದೇ ಅಪರೂಪ. ಹೃದಯಾಘಾತ ತಡೆಯುವ ವಿಷಯದಲ್ಲೂ ಇದರ ಫಲಿತಾಂಶ ಮಿಶ್ರವಾಗಿದೆ. 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳು ಲಾಭ ತೋರಿಸಿದವು, 2024ರ ಇನ್ನೊಂದು ತೋರಿಸಲಿಲ್ಲ.

ಕೋಲ್ಚಿಸಿನ್ ಗಿಡದಿಂದ ಬಂದದ್ದು, ಆದರೆ ಸೌಮ್ಯವಾದದ್ದಲ್ಲ. ಮದ್ದಾಗುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಕಡಿಮೆ. ಕ್ಲಾರಿತ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ ಜೊತೆ ಬೆರೆತು ಸಾವುಗಳಾಗಿವೆ. ಅಗ್ನಿಶಿಖೆಯ ಗೆಡ್ಡೆ ತಿಂದರೆ ಪ್ರಾಣವೇ ಹೋಗಬಹುದು. ಡಾಕ್ಟರು ಬರೆದುಕೊಟ್ಟ ಮಾತ್ರೆ ಬಿಟ್ಟು ಬೇರೆ ಯಾವ ರೂಪದಲ್ಲೂ ಇದರ ತಂಟೆಗೆ ಹೋಗಬೇಡಿ.

ಈಗ ಸ್ಟೆಂಟ್ ಇರುವವರಿಗೆ ನೇರವಾಗಿ ಮುಟ್ಟುವ ಮಾತು. ಗಿಡದ ವಸ್ತು ರಕ್ತನಾಳಕ್ಕೆ ಸಹಾಯ ಮಾಡದಿದ್ದರೂ ಉಳಿದ ಮಾತ್ರೆಗಳ ಕೆಲಸ ಕೆಡಿಸಬಲ್ಲದು. ಗ್ರೇಪ್‌ಫ್ರೂಟ್ ರಸ ಕರುಳಿನ ಒಂದು ಕಿಣ್ವವನ್ನು ತಡೆದು, ಕೊಲೆಸ್ಟರಾಲ್ ಮಾತ್ರೆಯಾದ ಸಿಮ್ವಾಸ್ಟಾಟಿನ್ ಮತ್ತು ಟಿಕಾಗ್ರೆಲಾರ್ ರಕ್ತದಲ್ಲಿ ಏರುವ ಹಾಗೆ ಮಾಡುತ್ತದೆ. ಮೊದಲನೆಯದು ಏರಿದರೆ ಸ್ನಾಯುಗಳಿಗೆ ಪೆಟ್ಟು, ಎರಡನೆಯದು ಏರಿದರೆ ರಕ್ತಸ್ರಾವ. ಕ್ಲೋಪಿಡೋಗ್ರೆಲ್ ವಿಷಯದಲ್ಲಿ ಉಲ್ಟಾ, ಆ ಮಾತ್ರೆ ದೇಹದೊಳಗೆ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದನ್ನೇ ಈ ರಸ ತಗ್ಗಿಸುತ್ತದೆ. ಖಿನ್ನತೆಗೆ ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್ ಟಿಕಾಗ್ರೆಲಾರ್ ಮಟ್ಟವನ್ನು ಇಳಿಸಿಬಿಡುತ್ತದೆ. ಏನಾದರೂ ಮೂಲಿಕೆ, ಪುಡಿ, ಕ್ಯಾಪ್ಸೂಲ್ ತಗೊಳ್ಳುತ್ತಿದ್ದರೆ ಅದರ ಡಬ್ಬಿಯನ್ನೇ ಡಾಕ್ಟರ ಹತ್ತಿರ ತಗೊಂಡು ಹೋಗಿ ತೋರಿಸಿ, ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ. ಮತ್ತೆ ಎದೆ ಬಿಗಿದ ಹಾಗೆ, ನಡೆದರೆ ಉಸಿರು ಕಟ್ಟಿದ ಹಾಗೆ ಆದರೆ ಅದನ್ನೂ ತಕ್ಷಣ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾರೇ ಹೇಳಲಿ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.